ಬಿಲ್ ಮುಗಿಯುವವರೆಗೆ ಸ್ಕ್ರೀನ್ ಮುಟ್ಟಬಾರದು

ದಾವಣಗೆರೆಯ ಒಂದು ಸಗಟು ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಈಗಲೂ ಅದನ್ನು ನೋಡಿಕೊಳ್ಳುತ್ತಿದ್ದೇನೆ. ಸೋಪು, ಬಿಸ್ಕತ್ತು, ತುಪ್ಪ, ಟೂತ್‌ಪೇಸ್ಟ್, ನೋಟ್‌ಬುಕ್ಕು, ಹೀಗೆ ಒಂದು ಕಿರಾಣಿ ಅಂಗಡಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಒಟ್ಟು ಆರು ಕೌಂಟರ್. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ ಕಡೆಯ ಅಂಗಡಿಯವರು ಬೆಳಿಗ್ಗೆ ಚೀಟಿ ಕೊಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಟೆಂಪೋ ತುಂಬಿಸಿಕೊಂಡು ಹೊರಡುತ್ತಾರೆ. ಎಲ್ಲ ಕೌಂಟರ್‌ಗಳಲ್ಲೂ ಕ್ರೋಮ್ ಬ್ರೌಸರ್, ಹಿಂದೆ ಒಂದೇ ಸರ್ವರ್, ಡೇಟಾಬೇಸ್ ಪೋಸ್ಟ್‌ಗ್ರೆಸ್.

2025ರ ಜುಲೈನಿಂದ ಅಕ್ಟೋಬರ್‌ವರೆಗೆ ಇದರಲ್ಲಿ ಏನು ಕೆಟ್ಟಿತು, ಏನು ರಿಪೇರಿ ಮಾಡಿದೆ ಅನ್ನೋದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಸಾಫ್ಟ್‌ವೇರನ್ನೂ ಜನ ದಿನವಿಡೀ ತೆರೆದಿಟ್ಟುಕೊಂಡು ಕೆಲಸ ಮಾಡುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಜುಲೈ 5, ಶನಿವಾರ

ಕಂಪನಿಗಳು "ಹನ್ನೆರಡಕ್ಕೆ ಒಂದು ಫ್ರೀ" ಅಂತ ಸ್ಕೀಮು ಕೊಡುತ್ತಿರುತ್ತವೆ. ಅದನ್ನು ಬಿಲ್ಲಿನಲ್ಲೇ ಹಾಕಲು ಒಂದು ಕಾಲಂ ಬೇಕು ಅಂತ ಮಾಲೀಕರು ಕೇಳಿದ್ದರು. ಸಂಖ್ಯೆ ಮತ್ತು ರೇಟಿನ ನಡುವೆ "ಫ್ರೀ" ಅಂತ ಒಂದು ಬಾಕ್ಸ್ ಸೇರಿಸಿದೆ. ಟೆಸ್ಟ್ ಮಾಡಿದೆ, ಎಲ್ಲ ಸರಿ ಇತ್ತು. ಬೆಳಿಗ್ಗೆ ಹನ್ನೊಂದೂಕಾಲಿಗೆ ಸರ್ವರ್‌ಗೆ ಏರಿಸಿದೆ. ವಾರದಲ್ಲಿ ಅತಿ ಜಾಸ್ತಿ ವ್ಯಾಪಾರ ನಡೆಯುವ ಹೊತ್ತು ಅದು.

ಹತ್ತು ನಿಮಿಷದಲ್ಲಿ ಫೋನ್ ಬಂತು. ಮೂರನೇ ಕೌಂಟರ್‌ನಲ್ಲಿ ಮೂವತ್ತೆಂಟು ಸಾಲಿನ ಬಿಲ್ ಅರ್ಧದಲ್ಲೇ ಮಾಯ. ಪೇಜು ತಾನಾಗಿ ರೀಲೋಡ್ ಆಗಿತ್ತು. ಐದನೇ ಕೌಂಟರ್‌ನಲ್ಲಿ ಪಾರ್ಟಿ (ಗಿರಾಕಿ ಅಂಗಡಿ) ಹುಡುಕಲು ಹೋದರೆ ಬಿಳಿ ಸ್ಕ್ರೀನು. ಉಳಿದ ಕೌಂಟರ್‌ಗಳಲ್ಲಿ ಎಲ್ಲ ಸರಿ ಇದೆ ಅಂದರು. ಆದರೆ ಅಲ್ಲಿ ಆದದ್ದೇ ದೊಡ್ಡ ಅನಾಹುತ. ಅಲ್ಲಿಯವರು ಅಭ್ಯಾಸದಂತೆ ಸಂಖ್ಯೆ, ಎಂಟರ್, ರೇಟು, ಎಂಟರ್ ಅಂತ ಹೊಡೆದುಕೊಂಡು ಹೋಗಿದ್ದರು. ರೇಟು ಹೋಗಿ ಫ್ರೀ ಬಾಕ್ಸಿಗೆ ಬಿದ್ದಿತ್ತು. 24 ಸೋಪಿಗೆ 42 ರೂಪಾಯಿ ಅಂತ ಹೊಡೆದದ್ದು 24 ಸೋಪಿಗೆ 42 ಫ್ರೀ ಅಂತ ಆಗಿತ್ತು. ರೇಟಿನ ಬಾಕ್ಸಿನಲ್ಲಿ ಹಳೇ ರೇಟು ಮೊದಲೇ ತುಂಬಿ ಬರುವುದರಿಂದ ಬಿಲ್ಲಿನ ಮೊತ್ತ ನೋಡಿದರೆ ಸರಿಯಾಗೇ ಇತ್ತು. ಗೋಡೌನ್ ಹುಡುಗರು "ಇಷ್ಟು ಫ್ರೀನಾ?" ಅಂತ ಕೇಳಿದ ಮೇಲೆ ಗೊತ್ತಾಯಿತು.

ಹಳೇ ಆವೃತ್ತಿಗೆ ಹಿಂತಿರುಗಿಸಿದೆ. ಆಗ ಇನ್ನೊಮ್ಮೆ ಎಲ್ಲ ಕೌಂಟರ್ ರೀಲೋಡ್ ಆದವು. ಮೂರನೇ ಕೌಂಟರ್‌ನ ಅಕ್ಕ ಮತ್ತೆ ಹದಿನೈದು ಸಾಲು ಹೊಡೆದಿದ್ದರು, ಅದೂ ಹೋಯಿತು. ಅವರು ಬೈಯಲಿಲ್ಲ. ಚೀಟಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಎದುರಿಗೆ ಆರೇಳು ಜನ ಕಾಯುತ್ತಿದ್ದರು.

ಹಿಂದೆ ಕೂತು ನೋಡಿದ್ದು

ಸೋಮವಾರ ಕೋಡ್ ಮುಟ್ಟಲಿಲ್ಲ. ಅಂಗಡಿಗೆ ಹೋಗಿ ಆ ಅಕ್ಕನ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಎರಡು ಗಂಟೆ ಕೂತೆ.

ಅವರ ಎಡಗೈ ಚೀಟಿಯ ಮೇಲೆ. ತೋರುಬೆರಳು ಒಂದೊಂದೇ ಸಾಲು ಇಳಿಯುತ್ತದೆ. ಬಲಗೈ ನಂಬರ್ ಪ್ಯಾಡಿನ ಮೇಲೆ. ಕಣ್ಣು ಚೀಟಿಯಲ್ಲಿ. ಐದಾರು ಸಾಲಿಗೆ ಒಮ್ಮೆ ತಲೆಯೆತ್ತಿ ಸ್ಕ್ರೀನ್ ನೋಡುತ್ತಾರೆ, ಅದೂ ಒಂದು ಕ್ಷಣ. ಪಾರ್ಟಿ ಹೆಸರಿಗೆ ಎಸ್, ಆರ್, ಐ ಒತ್ತಿ, ಕೆಳಗಿನ ಬಾಣ ಎರಡು ಸಲ, ಎಂಟರ್. ಯಾಕೆಂದರೆ "ಶ್ರೀ"ಯಿಂದ ಶುರುವಾಗುವ ಅಂಗಡಿಗಳೇ ನಲವತ್ತಕ್ಕೂ ಜಾಸ್ತಿ ಇವೆ. ದಿನಾ ಬರುವ ಪಾರ್ಟಿ ಮೂರನೇ ಸಾಲಿನಲ್ಲಿದೆ ಅನ್ನೋದು ಅವರ ಬೆರಳಿಗೆ ಗೊತ್ತು. "ಆ ಪಾರ್ಟಿ ಎಲ್ಲಿದೆ?" ಅಂತ ಕೇಳಿದರೆ ಹೇಳಲು ಅವರಿಗೂ ಒಂದು ಕ್ಷಣ ಬೇಕಾಯಿತು. ಬೆರಳು ಮಾತ್ರ ತಡವರಿಸಲಿಲ್ಲ.

ನಾನು ಅಲ್ಲಿಯವರೆಗೆ ಸ್ಕ್ರೀನ್ ಅಂದರೆ ಕಣ್ಣಿಗೆ ಕಾಣುವುದು ಅಂತಲೇ ಅಂದುಕೊಂಡಿದ್ದೆ. ಬಣ್ಣ, ಬಟನ್ನು, ಅಕ್ಷರದ ಗಾತ್ರ. ಆ ಅಕ್ಕನಿಗೆ ಸ್ಕ್ರೀನ್ ಅಂದರೆ ಎಂಟರ್ ಒತ್ತಿದರೆ ಎಲ್ಲಿಗೆ ಹೋಗುತ್ತದೆ, ಬಾಣ ಎರಡು ಸಲ ಒತ್ತಿದರೆ ಯಾರು ಸಿಗುತ್ತಾರೆ ಅನ್ನೋದು. ನಾನು ಬಣ್ಣ ಪೂರ್ತಿ ಬದಲಿಸಿದ್ದರೂ ಅವರ ಕೆಲಸ ನಿಲ್ಲುತ್ತಿರಲಿಲ್ಲ. ಒಂದು ಬಾಕ್ಸನ್ನು ಎಂಟರ್ ದಾರಿಯಲ್ಲಿ ಇಟ್ಟಿದ್ದಕ್ಕೆ ನಿಂತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಂಡೆ: ಶುರುವಾದ ಬಿಲ್ ಮುಗಿಯುವವರೆಗೆ ಆ ಸ್ಕ್ರೀನ್ ಕೂತವರದ್ದು, ನನ್ನದಲ್ಲ.

ರೀಲೋಡ್ ಎಲ್ಲಿಂದ ಬಂತು

ಪೇಜು ತಾನಾಗಿ ರೀಲೋಡ್ ಆಗಿದ್ದು ಸರ್ವಿಸ್ ವರ್ಕರ್‌ನಿಂದ, ಅಂದರೆ ಪೇಜಿನ ಹಿಂದೆ ಬ್ರೌಸರ್‌ನಲ್ಲೇ ಓಡುತ್ತಾ ಅದರ ಫೈಲ್‌ಗಳನ್ನು ನೋಡಿಕೊಳ್ಳುವ ಸಣ್ಣ ಕೋಡ್‌ನಿಂದ. ಬ್ರೌಸರ್‌ನ ಮೂಲ ನಡವಳಿಕೆ ನಿಜವಾಗಿ ಒಳ್ಳೆಯದೇ. ಹೊಸ ಸರ್ವಿಸ್ ವರ್ಕರ್ ಬಂದರೂ, ಹಳೆಯದನ್ನು ಬಳಸುತ್ತಿರುವ ಟ್ಯಾಬ್‌ಗಳೆಲ್ಲ ಮುಚ್ಚುವವರೆಗೆ ಅದು ಕಾಯುತ್ತದೆ. ಆದರೆ ನಾನು ಪ್ರಾಜೆಕ್ಟ್ ಶುರು ಮಾಡುವಾಗ ತಂದುಕೊಂಡ ಕೋಡ್‌ನಲ್ಲಿ ಸ್ಕಿಪ್ ವೇಟಿಂಗ್ ಅನ್ನೋ ಸಾಲು ಇತ್ತು. ಅಂದರೆ ಕಾಯಬೇಡ, ಈಗಲೇ ಬಾ. ಅದರ ಪಕ್ಕದಲ್ಲೇ, ಹೊಸದು ಬಂದ ಕೂಡಲೇ ಪೇಜ್ ರೀಲೋಡ್ ಮಾಡು ಅಂತ ಇನ್ನೊಂದು ಸಾಲು.

ಎರಡನ್ನೂ ಕಿತ್ತೆ. ಆಗ ಬೇರೆ ತೊಂದರೆ ಬಂತು. ಈ ಕೌಂಟರ್‌ಗಳಲ್ಲಿ ಟ್ಯಾಬ್ ಮುಚ್ಚುವುದೇ ಇಲ್ಲ. ರಾತ್ರಿ ಕಂಪ್ಯೂಟರನ್ನು ಸ್ಲೀಪ್ ಮಾಡಿ ಹೋಗುತ್ತಾರೆ. ಹಾಗಾಗಿ ಹೊಸದು ವಾರಗಟ್ಟಲೆ ಬಾಗಿಲಲ್ಲೇ ನಿಂತಿರುತ್ತಿತ್ತು. ಸುಮ್ನೆ ಕಾಯುವುದೂ ಸಾಲದು, ಒಳಗೆ ಬರಲು ಸರಿಯಾದ ಹೊತ್ತು ಬೇಕು.

ಆ ಹೊತ್ತು ಯಾವುದು ಅಂತ ಸ್ಟೂಲ್ ಮೇಲೆ ಕೂತಾಗಲೇ ಕಂಡಿತ್ತು. ಬಿಲ್ ಸೇವ್ ಆಗಿ, ಪ್ರಿಂಟರ್ ಓಡುತ್ತಿರುವಾಗ ಅಕ್ಕ ಕಾಗದ ಹರಿದು, ಪಿನ್ ಹೊಡೆದು, ಕೊಡುತ್ತಾರೆ. ಆಮೇಲೆ ಎಫ್2 ಒತ್ತಿ ಹೊಸ ಬಿಲ್ ತೆರೆಯುತ್ತಾರೆ. ನಡುವೆ ಐದಾರು ಸೆಕೆಂಡ್ ಇದೆ. ಹೊಸ ಆವೃತ್ತಿ ಕಾಯುತ್ತಿದ್ದರೆ ಈಗ ಅದು ಆ ಸಂದಿಯಲ್ಲೇ ಒಳಗೆ ಬರುತ್ತದೆ. ಪೇಜು ಸುಮಾರು ಒಂದು ಸೆಕೆಂಡಿನಲ್ಲಿ ತೆರೆದು, ಕರ್ಸರ್ ಪಾರ್ಟಿ ಬಾಕ್ಸಿನಲ್ಲಿ ಬಂದು ನಿಲ್ಲುತ್ತದೆ. ಹೋಲ್ಡ್‌ನಲ್ಲಿ ಇಟ್ಟ, ಅಂದರೆ ಆಮೇಲೆ ಮುಗಿಸಲು ಪಕ್ಕಕ್ಕಿಟ್ಟ ಬಿಲ್ ಇದ್ದರೂ ತೊಂದರೆ ಇಲ್ಲ. ತೆರೆದ ಬಿಲ್ ಒಂದೂ ಇರಬಾರದು, ಅಷ್ಟೇ.

ಐದನೇ ಕೌಂಟರ್‌ನ ಬಿಳಿ ಸ್ಕ್ರೀನಿಗೆ ಕಾರಣ ಬೇರೆ. ಪಾರ್ಟಿ ಹುಡುಕುವ ಭಾಗದ ಕೋಡ್ ಬೇಕಾದಾಗ ಮಾತ್ರ ಸರ್ವರ್‌ನಿಂದ ಬರುವಂತೆ ಮಾಡಿದ್ದೆ. ಕೋಡ್ ಬದಲಾದಾಗಲೆಲ್ಲ ಬಿಲ್ಡ್‌ನಲ್ಲಿ (ಸರ್ವರ್‌ಗೆ ಏರಿಸಲು ಕೋಡ್ ಸಿದ್ಧ ಮಾಡುವಾಗ) ಫೈಲ್ ಹೆಸರೂ ಬದಲಾಗುತ್ತದೆ. ಹೊಸದು ಏರಿಸುವಾಗ ಹಳೇ ಫೈಲ್‌ಗಳು ಅಳಿದುಹೋಗಿದ್ದವು. ಹಳೇ ಪೇಜು ಹಳೇ ಹೆಸರು ಕೇಳಿತು, ಸರ್ವರ್ 404, ಅಂದರೆ ಆ ಫೈಲ್ ಇಲ್ಲ, ಅಂದಿತು. ಬಿಲ್ಡ್ ಮಾಡಲು ನಾನು ಬಳಸುವ ವೀಟ್ (Vite) ಅನ್ನೋ ಟೂಲ್‌ನಲ್ಲಿ ಇದಕ್ಕೆಂದೇ ಒಂದು ಈವೆಂಟ್, ಅಂದರೆ ಫೈಲ್ ಸಿಗಲಿಲ್ಲ ಅನ್ನೋ ಸೂಚನೆ, ಇದೆ. ಅದು ಬಂದಾಗ ಪೇಜ್ ರೀಲೋಡ್ ಮಾಡಿ ಅಂತ ಅವರ ಡಾಕ್ಯುಮೆಂಟೇಶನ್ ಹೇಳುತ್ತದೆ. ಸುದ್ದಿ ಓದುವ ಸೈಟಿಗೆ ಅದು ಸರಿ. ಬಿಲ್ ಮಧ್ಯೆ ಇರುವವರಿಗೆ ಅದೇ ವಿಷ ಅಲ್ವಾ? ನಾನು ಹಳೇ ಫೈಲ್‌ಗಳನ್ನು 30 ದಿನ ಸರ್ವರ್‌ನಲ್ಲೇ ಉಳಿಸುವಂತೆ ಮಾಡಿದೆ. ಡಿಸ್ಕಿನಲ್ಲಿ ಜಾಗ ಹೋಗುವುದು ಏನೇನೂ ಅಲ್ಲ.

ಪ್ಲಗ್ ಕಿತ್ತು ನೋಡಿದೆ

ಇಷ್ಟಾದರೂ ಕರೆಂಟ್ ಹೋದರೆ, ಬ್ರೌಸರ್ ಬಿದ್ದರೆ ಬಿಲ್ ಉಳಿಯಬೇಕು. ಪ್ರತಿ ಸಾಲಿನ ಕೊನೆಯ ಎಂಟರ್‌ಗೆ ಆ ಬಿಲ್ಲಿನ ನಕಲು ಬ್ರೌಸರ್‌ನ ಇಂಡೆಕ್ಸ್ಡ್ ಡಿಬಿಯಲ್ಲಿ (ಅದೇ ಕಂಪ್ಯೂಟರಿನಲ್ಲಿ ಬ್ರೌಸರ್ ಇಟ್ಟುಕೊಳ್ಳುವ ಡೇಟಾಬೇಸ್) ಬರೆಯುವಂತೆ ಮಾಡಿದೆ. ಜೊತೆಗೆ ಕರ್ಸರ್ ಯಾವ ಬಾಕ್ಸಿನಲ್ಲಿತ್ತು ಅನ್ನೋದನ್ನೂ.

ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಅದರಲ್ಲಿ ನಲವತ್ತು ಸಾಲಿನ ಚೀಟಿ ಹಿಡಿದು ಹೊಡೆಯುತ್ತಾ ಹೋದೆ. ಇಪ್ಪತ್ತೇಳನೇ ಸಾಲು ಮುಗಿದ ಕೂಡಲೇ ಗೋಡೆಯ ಪ್ಲಗ್ ಕಿತ್ತೆ. ಮತ್ತೆ ಆನ್ ಮಾಡಿದರೆ ಇಪ್ಪತ್ನಾಲ್ಕೇ ಸಾಲು ಬಂದವು. ಮೂರು ಎಲ್ಲಿ? ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಅರ್ಧ ದಿನ ಹೋಯಿತು. ತಪ್ಪು ಅಲ್ಲಿರಲಿಲ್ಲ. ಕ್ರೋಮ್ 121ರಿಂದ ಇಂಡೆಕ್ಸ್ಡ್ ಡಿಬಿ ಬರಹವನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸಿದರೆ ಸಾಕು, ಬರೆದಾಯಿತು ಅಂತಲೇ ಲೆಕ್ಕ. ಡಿಸ್ಕಿನ ಮೇಲೆ ಬಿದ್ದಿತಾ ಅಂತ ಕಾಯುವುದಿಲ್ಲ. ವೇಗಕ್ಕಾಗಿ ಹಾಗೆ ಮಾಡಿದ್ದಾರೆ. ಬೇಕಾದವರು ಪ್ರತಿ ಬರಹಕ್ಕೂ (ಟ್ರಾನ್ಸಾಕ್ಷನ್) "ಸ್ಟ್ರಿಕ್ಟ್", ಅಂದರೆ ಡಿಸ್ಕಿಗೆ ಬೀಳುವವರೆಗೆ ಕಾಯಿ, ಅಂತ ಕೇಳಬಹುದು. ಹಾಗೆ ಕೇಳಿದೆ. ಮತ್ತೆ ಆರು ಸಲ ಪ್ಲಗ್ ಕಿತ್ತೆ, ಆರೂ ಸಲ ಇಪ್ಪತ್ತೇಳು ಸಾಲು ಬಂದವು. ಅವತ್ತು ನನಗೆ ಆದ ಸಂತೋಷ ದೊಡ್ಡದು. ಅರ್ಧ ಬಿಲ್ ಕಳೆದುಕೊಂಡವರ ಮುಖ ನಾನು ನೋಡಿದ್ದೆ.

ಎಂಟರ್ ದಾರಿ

ಫ್ರೀ ಬಾಕ್ಸನ್ನು ಮತ್ತೆ ಹಾಕಲೇಬೇಕಿತ್ತು. ಈ ಸಲ ಅದು ಸಾಲಿನಲ್ಲೇ ಕಾಣುತ್ತದೆ, ಆದರೆ ಎಂಟರ್ ಅಲ್ಲಿ ನಿಲ್ಲುವುದಿಲ್ಲ. ಸಂಖ್ಯೆಯಿಂದ ನೇರ ರೇಟಿಗೆ ಹೋಗುತ್ತದೆ, ಮೊದಲಿನ ಹಾಗೆ. ಸ್ಕೀಮು ಇರುವ ಐಟಂ ಆದರೆ ಫ್ರೀ ಎಷ್ಟು ಅಂತ ಸಾಫ್ಟ್‌ವೇರೇ ಲೆಕ್ಕ ಹಾಕಿ ತುಂಬುತ್ತದೆ. ಬದಲಿಸಬೇಕಾದವರು ನಂಬರ್ ಪ್ಯಾಡಿನ ಪ್ಲಸ್ ಒತ್ತಬೇಕು. ಆ ಕೀಲಿಯನ್ನು ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಬಳಸುತ್ತಿರಲಿಲ್ಲ. ಅದನ್ನು ಆರು ಕೌಂಟರ್‌ನಲ್ಲೂ ಕೇಳಿ ಖಚಿತ ಮಾಡಿಕೊಂಡೆ.

ಎಂಟರ್ ಹೋಗುವ ದಾರಿಯನ್ನು ಟೆಸ್ಟ್ ಆಗಿಯೂ ಬರೆದಿಟ್ಟಿದ್ದೇನೆ. ಒಂದು ಬಿಲ್ಲಿನ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ, ಕೊನೆಗೆ ಬಂದ ಬಿಲ್ ಹಳೇ ಬಿಲ್ಲಿನಂತೆಯೇ ಇದೆಯಾ ಅಂತ ಅದು ನೋಡುತ್ತದೆ. ನಾಳೆ ನಾನೇ ಮರೆತು ನಡುವೆ ಬಾಕ್ಸ್ ಹಾಕಿದರೆ ಅಲ್ಲೇ ತಡೆಯುತ್ತದೆ.

ಸರ್ವರ್ ಎರಡನ್ನೂ ಒಪ್ಪಬೇಕು

ಆರು ಕೌಂಟರ್‌ಗೂ ಬಿಲ್ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಕೆಲವರು ಹಳೇ ಸ್ಕ್ರೀನಿನಲ್ಲಿ, ಕೆಲವರು ಹೊಸದರಲ್ಲಿ ಇರುತ್ತಾರೆ. ಪ್ರತಿ ಬಿಲ್ ತೆರೆದಾಗಲೇ ಅದಕ್ಕೆ ಸ್ಕ್ರೀನಿನ ನಂಬರ್ ಅಂಟಿಸುತ್ತೇನೆ. ಸೇವ್ ಮಾಡುವಾಗ ಆ ನಂಬರ್ ಜೊತೆಗೇ ಹೋಗುತ್ತದೆ. ಸರ್ವರ್ ಈಗಿನದನ್ನೂ ಹಿಂದಿನ ಎರಡನ್ನೂ ಒಪ್ಪುತ್ತದೆ. ಹಳೇ ಸ್ಕ್ರೀನಿನಿಂದ ಫ್ರೀ ಬರದಿದ್ದರೆ ಸೊನ್ನೆ ಅಂತ ತಿಳಿಯುತ್ತದೆ.

ಡೇಟಾಬೇಸಿಗೂ ಇದೇ ನಿಯಮ. ಮೊದಲು "ಡಿಸ್ಕೌಂಟ್" ಅಂತ ಒಂದೇ ಕಾಲಂ ಇತ್ತು. ಅದನ್ನು ಅಂಗಡಿ ಕೊಡುವುದು, ಕಂಪನಿ ಕೊಡುವುದು ಅಂತ ಎರಡು ಮಾಡಬೇಕಿತ್ತು. ಮೊದಲು ಹೊಸ ಎರಡು ಕಾಲಂ ಸೇರಿಸಿದೆ. ಆಮೇಲೆ ಸರ್ವರ್ ಮೂರಕ್ಕೂ ಬರೆಯತೊಡಗಿತು. ಆಮೇಲೆ ಓದುವುದನ್ನು ಹೊಸದಕ್ಕೆ ಬದಲಿಸಿದೆ. ಹಳೇ ಕಾಲಂ ತೆಗೆದದ್ದು ಐದು ವಾರ ಆದ ಮೇಲೆ.

ಮೊದಲ ಹೆಜ್ಜೆಯಲ್ಲೇ ಒಂದು ಪೆಟ್ಟು ಬಿತ್ತು. ಕಾಲಂ ಸೇರಿಸುವುದು ಕ್ಷಣದ ಕೆಲಸ, ಪೋಸ್ಟ್‌ಗ್ರೆಸ್ 11ರಿಂದ ಈಚೆಗೆ ಡೀಫಾಲ್ಟ್ ಬೆಲೆ ಕೊಟ್ಟರೂ ಇಡೀ ಟೇಬಲನ್ನು ಮತ್ತೆ ಬರೆಯುವುದಿಲ್ಲ ಅಂತ ಧೈರ್ಯವಾಗಿ ಮಧ್ಯಾಹ್ನ ಓಡಿಸಿದೆ. ಆದರೆ ಆ ಕ್ಷಣಕ್ಕೆ ಟೇಬಲ್ ಮೇಲೆ ಪೂರ್ತಿ ಬೀಗ ಬೇಕು. ಆಫೀಸಿನಲ್ಲಿ ಅಕೌಂಟೆಂಟ್ ಮೂರು ತಿಂಗಳ ರಿಪೋರ್ಟ್ ತೆಗೆಯುತ್ತಿದ್ದರು. ನನ್ನ ಆಜ್ಞೆ ಆ ರಿಪೋರ್ಟ್ ಮುಗಿಯಲಿ ಅಂತ ಕಾಯುತ್ತಾ ನಿಂತಿತು. ನನ್ನ ಹಿಂದೆ ಆರೂ ಕೌಂಟರ್‌ಗಳ ಬಿಲ್‌ಗಳು ಕ್ಯೂ ನಿಂತವು. ನಾಲ್ಕು ನಿಮಿಷ ಯಾವ ಬಿಲ್ಲೂ ಸೇವ್ ಆಗಲಿಲ್ಲ. ಈಗ ಇಂಥ ಆಜ್ಞೆಗೆ ಮೊದಲು ಲಾಕ್ ಟೈಮ್‌ಔಟ್ ಎರಡು ಸೆಕೆಂಡ್ ಅಂತ ಇಡುತ್ತೇನೆ. ಬೀಗ ಸಿಗದಿದ್ದರೆ ಬಿಟ್ಟುಬಿಡುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸುತ್ತದೆ.

ಏನೂ ಬದಲಾಗದಂತೆ ಕಂಡ ಬದಲಾವಣೆ

ಆಗಸ್ಟ್‌ನಲ್ಲಿ ಹೊಸ ಸ್ಕ್ರೀನನ್ನು ಒಂದೊಂದೇ ಕೌಂಟರ್‌ಗೆ ಕೊಡುತ್ತಾ ಬಂದೆ. ಶನಿವಾರ ಅಲ್ಲ, ಮಂಗಳವಾರ ಸಂಜೆ. ಹೊತ್ತು ಆರಿಸಿದ್ದು ಕೌಂಟರ್‌ನವರೇ. ಎಫ್9 ಒತ್ತಿದರೆ ಮುಂದಿನ ಬಿಲ್ ಹಳೇ ಸ್ಕ್ರೀನಿನಲ್ಲಿ ತೆರೆಯುತ್ತದೆ, ಹದಿನೈದು ದಿನ ಹಾಗೆ ಬಿಟ್ಟಿರುತ್ತೇನೆ ಅಂತ ಹೇಳಿದೆ. ಯಾರು ಎಷ್ಟು ಸಲ ಎಫ್9 ಒತ್ತಿದರು ಅಂತ ಎಣಿಸುತ್ತಿದ್ದೆ.

ಒಂದನೇ ಕೌಂಟರ್‌ನವರು ದಿನಕ್ಕೆ ಒಂದೆರಡು ಸಲ ಒತ್ತಿದರು. ಮೂರನೆಯ ಅಕ್ಕ ಎರಡನೇ ದಿನದಿಂದ ಪೂರ್ತಿ ಹಳೆಯದಕ್ಕೇ ಹೋಗಿಬಿಟ್ಟಿದ್ದರು. ಕೇಳಿದರೆ, "ಇದರಲ್ಲಿ ಪಾರ್ಟಿ ತಪ್ಪು ಬರ್ತದೆ" ಅಂದರು. ನಾನು ಪಾರ್ಟಿ ಬಾಕ್ಸ್ ಮುಟ್ಟೇ ಇಲ್ಲವಲ್ಲ ಅಂದುಕೊಂಡೆ. ಮುಟ್ಟಿದ್ದೆ. ಇತ್ತೀಚೆಗೆ ಬಿಲ್ ಮಾಡಿದ ಪಾರ್ಟಿ ಮೇಲೆ ಬಂದರೆ ಅನುಕೂಲ ಅಂತ ಪಟ್ಟಿಯ ಕ್ರಮ ಬದಲಿಸಿದ್ದೆ. ನೋಡಲು ಅದೇ ಬಾಕ್ಸು, ಅದೇ ಬಣ್ಣ. ಆದರೆ ಎಸ್, ಆರ್, ಐ, ಬಾಣ, ಬಾಣ, ಎಂಟರ್ ಅಂದರೆ ಈಗ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು. ಜಗಳೂರಿನ ಅಂಗಡಿಯ ಮಾಲು ಹೊನ್ನಾಳಿಯ ಅಂಗಡಿಯ ಲೆಕ್ಕಕ್ಕೆ ಬಿದ್ದಿತ್ತು. ಟೆಂಪೋ ಹೊರಡುವ ಮೊದಲು ಬಿಲ್ಲಿನ ಹೆಸರು ಓದಿದ ಡ್ರೈವರ್ ಹಿಡಿದ.

ನಾನು ಒಳ್ಳೆಯದಕ್ಕೆ ಅಂತ ಮಾಡಿದ ಬದಲಾವಣೆ ಇದು. ಹೊಸಬರಿಗೆ ನಿಜವಾಗಿಯೂ ಅನುಕೂಲ. ಎಂಟು ವರ್ಷದಿಂದ ಕೂತವರಿಗೆ ನೆಲವೇ ಜಾರಿದ ಹಾಗೆ. ಕ್ರಮ ಮತ್ತೆ ಅಕ್ಷರಮಾಲೆಗೆ ಬಂತು.

ಇದರ ಬೆನ್ನಿಗೇ ಐಟಂ ಪಟ್ಟಿಯನ್ನೂ ಸರಿ ಮಾಡಿದೆ. ಅದು ಸ್ಟಾಕ್ ನೋಡಿಕೊಂಡು ತಾನಾಗಿ ತಾಜಾ ಆಗುತ್ತಿತ್ತು. ಪಕ್ಕದ ಕೌಂಟರ್‌ನಲ್ಲಿ ಕೊನೆಯ ಡಬ್ಬ ಮಾರಿದರೆ ಇಲ್ಲಿ ಪಟ್ಟಿಯಿಂದ ಆ ಸಾಲು ಮಾಯವಾಗಿ, ಕೆಳಗಿನದು ಮೇಲೆ ಬರುತ್ತಿತ್ತು. ಬೆರಳು ಎಂಟರ್ ಮೇಲೆ ಬೀಳುವ ಕ್ಷಣಕ್ಕೆ ಸರಿಯಾಗಿ. ಈಗ ಪಟ್ಟಿ ತೆರೆದಿರುವಷ್ಟು ಹೊತ್ತು ಯಾವ ಸಾಲೂ ಜಾಗ ಬಿಟ್ಟು ಕದಲುವುದಿಲ್ಲ. ಸ್ಟಾಕ್ ಅಂಕಿ ಇದ್ದಲ್ಲೇ ಬದಲಾಗುತ್ತದೆ. ಖಾಲಿಯಾದದ್ದು ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ಇರುತ್ತದೆ.

ಸೆಪ್ಟೆಂಬರ್ 22

ಕಾಯಿಸಲು ಆಗದ ಬದಲಾವಣೆಯೂ ಇರುತ್ತದೆ. ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಕೌನ್ಸಿಲ್‌ನ 56ನೇ ಸಭೆ ಮುಗಿದು ಹೊಸ ದರಗಳು ಬಂದವು. ಜಾರಿ 22ರಿಂದ, ಸೋಮವಾರ, ನವರಾತ್ರಿಯ ಮೊದಲ ದಿನ. ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಕೈಯಲ್ಲಿದ್ದದ್ದು ಎರಡೂವರೆ ವಾರ. ಸ್ನಾನದ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಶೇಕಡಾ 18ರಿಂದ 5ಕ್ಕೆ. ತುಪ್ಪ 12ರಿಂದ 5ಕ್ಕೆ. ಶಾಲೆಯ ನೋಟ್‌ಬುಕ್ಕು 12ರಿಂದ ಸೊನ್ನೆಗೆ. ಅದೇ ಶೆಲ್ಫಿನಲ್ಲಿರುವ ಡಿಟರ್ಜೆಂಟ್ ಪೌಡರ್ ಮಾತ್ರ 18ರಲ್ಲೇ.

ಸ್ಕ್ರೀನನ್ನು ಕಾಯಿಸಬಹುದು, ತೆರಿಗೆಯನ್ನು ಕಾಯಿಸಲಾಗುವುದಿಲ್ಲ. ಇವೆರಡನ್ನೂ ಬೇರೆ ಮಾಡಿದೆ. ದರ ಈಗ ಐಟಂನ ಜೊತೆ ಇಲ್ಲ. "ಯಾವ ಗುಂಪು, ಯಾವ ದಿನದಿಂದ, ಎಷ್ಟು" ಅಂತ ಬೇರೆ ಟೇಬಲ್. ಸರ್ವರ್ ಸೇವ್ ಮಾಡುವಾಗ ಬಿಲ್ಲಿನ ದಿನಾಂಕ ನೋಡಿ ದರ ಆರಿಸುತ್ತದೆ. ಹೊಸ ದರಗಳನ್ನು ಹತ್ತು ದಿನ ಮೊದಲೇ ತುಂಬಿಟ್ಟೆವು. ಅಕೌಂಟೆಂಟ್ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು.

ಉಳಿದದ್ದು 21ರಂದು ಹೋಲ್ಡ್‌ನಲ್ಲಿ ಇಟ್ಟು 22ರಂದು ಸೇವ್ ಮಾಡುವ ಬಿಲ್‌ಗಳು. ಸುಮ್ನೆ ಮೊತ್ತ ಬದಲಿಸಿ ಸೇವ್ ಮಾಡಿಬಿಟ್ಟರೆ, ಫೋನ್‌ನಲ್ಲಿ ಒಂದು ಮೊತ್ತ ಹೇಳಿದವರು ಗಿರಾಕಿಗೆ ಏನು ಉತ್ತರ ಕೊಡಬೇಕು? ಹಾಗಾಗಿ ಇಲ್ಲಿ ತಡೆಯುವುದೇ ಸರಿ ಅನಿಸಿತು. ಬದಲಾದ ಸಾಲುಗಳು ಹಳದಿ ಬಣ್ಣದಲ್ಲಿ, ಹಳೇ ದರ ಮತ್ತು ಹೊಸ ದರ ಪಕ್ಕಪಕ್ಕ ಕಾಣುತ್ತವೆ. ಈ ಒಂದು ಜಾಗದಲ್ಲಿ ಎಂಟರ್ ಕೆಲಸ ಮಾಡುವುದಿಲ್ಲ, ಬೇಕೆಂದೇ. ಓದಿ, ಎಫ್10 ಒತ್ತಬೇಕು. ಸೋಮವಾರ ಬೆಳಿಗ್ಗೆ ಅಂಥ ಹನ್ನೊಂದು ಬಿಲ್ ಇದ್ದವು. ಅಕ್ಕ ಮೊದಲನೆಯದರಲ್ಲಿ ಎಂಟರ್ ಮೂರು ಸಲ ಒತ್ತಿದರು, ನಿಂತರು, ತಲೆಯೆತ್ತಿ ಓದಿದರು. ನನಗೆ ಬೇಕಾಗಿದ್ದೂ ಅದೇ.

ಒಂದು ತಪ್ಪು ಅವತ್ತೇ ಸಿಕ್ಕಿತು. ಅಂಗಡಿಯಲ್ಲಿ 12ರ ಐಟಂ ಒಂದೂ ಉಳಿದಿಲ್ಲ ಅಂತ ದರದ ಪಟ್ಟಿಯಿಂದ 12 ಮತ್ತು 28ನ್ನು ತೆಗೆದಿದ್ದೆ. ಆಗಸ್ಟ್‌ನ ತುಪ್ಪದ ಬಿಲ್ ತೆರೆದರೆ ದರದ ಬಾಕ್ಸ್ ಖಾಲಿ. ಗಿರಾಕಿ ವಾಪಸ್ ತಂದ ಮಾಲಿಗೆ ಕ್ರೆಡಿಟ್ ನೋಟ್ (ಆ ಮೊತ್ತವನ್ನು ಗಿರಾಕಿಯ ಲೆಕ್ಕಕ್ಕೆ ವಾಪಸ್ ಜಮಾ ಮಾಡುವ ಚೀಟಿ) ಮಾಡಬೇಕಿತ್ತು. ಅದಕ್ಕೆ ಮೂಲ ಬಿಲ್ಲಿನ 12ರ ದರವೇ ಬೇಕು. ಪ್ರತಿ ಬಿಲ್ ಸಾಲಿನಲ್ಲೂ ಅವತ್ತಿನ ದರ ಬರೆದಿಟ್ಟಿದ್ದೆ, ಹಾಗಾಗಿ ಡೇಟಾ ಹೋಗಿರಲಿಲ್ಲ. ಹೊಸ ಬಿಲ್ಲಿಗೆ ಆರಿಸಲು ಬಾರದ, ಹಳೇ ಬಿಲ್ಲಿನಲ್ಲಿ ಕಾಣುವ ದರ ಅಂತ ಅವೆರಡನ್ನೂ ವಾಪಸ್ ಇಟ್ಟೆ.

ಆಯುಧ ಪೂಜೆಯ ದಿನ, ಅಕ್ಟೋಬರ್ 1ಕ್ಕೆ, ಅಂಗಡಿಗೆ ಹೋಗಿದ್ದೆ. ಆರೂ ಕೀಬೋರ್ಡಿಗೆ ಕುಂಕುಮ ಹಚ್ಚಿ ಹೂ ಇಟ್ಟಿದ್ದರು. ಮೂರನೇ ಕೌಂಟರ್‌ನ ನಂಬರ್ ಪ್ಯಾಡಿನಲ್ಲಿ ಎಂಟರ್ ಕೀಲಿಯ ಅಕ್ಷರ ಸವೆದು ಪೂರ್ತಿ ಅಳಿಸಿಹೋಗಿದೆ. ಅದರ ಮೇಲೂ ಒಂದು ಬೊಟ್ಟು ಇತ್ತು.

ಈಗ ಬಾಕಿ ಇರುವುದು ಊರೂರು ತಿರುಗಿ ಆರ್ಡರ್ ತರುವ ಹುಡುಗರ ಮೊಬೈಲ್ ಆಪ್. ಅಲ್ಲಿ ಬಿಲ್ ನಡುವಿನ ಸಂದಿ ಅನ್ನೋದು ಇಲ್ಲ. ಒಬ್ಬನ ಫೋನ್‌ನಲ್ಲಿ ಜಾಗ ಇಲ್ಲದೆ ಆಪ್ ಮೂರು ವಾರ ಅಪ್‌ಡೇಟ್ ಆಗಿರಲಿಲ್ಲ. ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ತೆಗೆದುಕೊಂಡ ಆರ್ಡರ್‌ಗಳು ರಾತ್ರಿ ಒಟ್ಟಿಗೆ ಬರುತ್ತವೆ. ಸದ್ಯಕ್ಕೆ ಸರ್ವರ್ ಅವರಿಂದ 45 ದಿನ ಹಳೆಯ ಆವೃತ್ತಿಯನ್ನೂ ಒಪ್ಪುವಂತೆ ಮಾಡಿದ್ದೇನೆ. ಮುಂದಿನ ವಾರ ಒಬ್ಬನ ಜೊತೆ ಬೈಕಿನಲ್ಲಿ ಜಗಳೂರು ಕಡೆ ಹೋಗಿ, ಅವನು ಆರ್ಡರ್ ಹೇಗೆ ಬರೆಯುತ್ತಾನೆ ಅಂತ ನೋಡಿ ಬರಬೇಕು. ಕೋಡ್ ಆಮೇಲೆ.